ಕಿವಿಯ ಹನಿಮದ್ದು: ಮೊದಲು ನೋಟ, ಆಮೇಲೆ ಹನಿ

ಕಿವಿನೋವೆಂದು ಮಗು ರಾತ್ರಿ ಎದ್ದು ಅತ್ತರೆ, ನಮ್ಮ ಮನೆಗಳಲ್ಲಿ ಮೊದಲು ನಡೆಯುವ ಕೆಲಸವೆಂದರೆ ಕಿವಿಯೊಳಕ್ಕೆ ಏನನ್ನಾದರೂ ಬಿಡುವುದು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಹಳೆಯ ವಾಡಿಕೆ. ಕಪಾಟಿನಲ್ಲಿ ಉಳಿದುಕೊಂಡ ಸೀಸೆಯ ಹನಿಮದ್ದು ಹೊಸ ವಾಡಿಕೆ. ಎರಡರ ಹಿಂದಿರುವ ನಂಬಿಕೆ ಒಂದೇ: ಹೊಟ್ಟೆಗೆ ಹೋಗದ ಮದ್ದಿನಿಂದ ಕೆಡುಕಿಲ್ಲ ಎಂಬುದು. ಈ ನಂಬಿಕೆ ತಪ್ಪೆಂದೂ, ಬಲ್ಲವರು ಕಿವಿಯೊಳಗನ್ನು ಒಮ್ಮೆ ನೋಡುವ ಮುನ್ನ ಅಲ್ಲಿ ಒಂದು ಹನಿಯೂ ಬೀಳಕೂಡದೆಂದೂ ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ವಾಚಕರ ಮುಂದಿಡುತ್ತೇವೆ.

ಹೊರಗಿವಿಯ ನಾಳವು ಬೆಳೆದವರಲ್ಲಿ ಸುಮಾರು 2.5 ಸೆಂಟಿಮೀಟರ್ ಉದ್ದದ, ಕೊಂಚ ಡೊಂಕಾದ ಸುರಂಗ. ಅದರ ಕೊನೆಯಲ್ಲಿ ಕಿವಿದಮಟೆಯೆಂಬ ತೆಳುವಾದ ಪೊರೆಯಿದೆ. ಸುರಂಗದ ಚರ್ಮವು ಒಳಗಿನಿಂದ ಹೊರಕ್ಕೆ ಮೆಲ್ಲಮೆಲ್ಲನೆ ಸರಿಯುತ್ತ ತನ್ನನ್ನು ತಾನೇ ಶುಚಿಗೊಳಿಸಿಕೊಳ್ಳುತ್ತದೆ. ನಾವು ಕೊಳೆಯೆಂದು ಹೀಗಳೆಯುವ ಗುಗ್ಗೆಯಾದರೋ ನೀರನ್ನು ತಡೆಯುವ, ತುಸು ಆಮ್ಲಗುಣವುಳ್ಳ ರಕ್ಷಣೆಯ ಲೇಪ. ಬೆಂಕಿಕಡ್ಡಿ, ಹೇರ್‌ಪಿನ್ನು, ಹತ್ತಿ ಸುತ್ತಿದ ಕಡ್ಡಿಗಳಿಂದ ಅದನ್ನು ಕೆರೆದು ತೆಗೆದಾಗ, ಇಲ್ಲವೆ ಈಜಿದ ನೀರು ಒಳಗೇ ನಿಂತು ಚರ್ಮ ನೆನೆದಾಗ, ರೋಗಾಣುಗಳಿಗೆ ದಾರಿಯಾಗುತ್ತದೆ. ಆಗ ಚರ್ಮವು ಕೆಂಪಾಗಿ ಬಾತು, ತುರಿಸಿ, ನೋವೆದ್ದು, ರಸ ಒಸರುತ್ತದೆ. ಇದೇ ಹೊರಗಿವಿಯ ಉರಿಯೂತ.

ಈ ಬೇನೆಗೆ ಹನಿಮದ್ದೇ ತಕ್ಕ ಚಿಕಿತ್ಸೆಯೆಂಬುದರಲ್ಲಿ ಸಂದೇಹವಿಲ್ಲ. ನುಂಗಿದ ಮಾತ್ರೆಯ ಸಾರ ರಕ್ತದಲ್ಲಿ ಸುತ್ತಿ ಅಲ್ಲಿಗೆ ತಲಪುವುದು ಅಲ್ಪ. ಹನಿಯಾದರೆ ಅದಕ್ಕಿಂತ ಎಷ್ಟೋ ಪಾಲು ಸಾಂದ್ರವಾಗಿ ರೋಗಾಣುವಿನ ಮೇಲೆಯೇ ಬೀಳುತ್ತದೆ. ನಮ್ಮ ತಕರಾರು ಹನಿಯ ಮೇಲಲ್ಲ. ನೋಡದೆ ಬಿಡುವ ಹನಿಯ ಮೇಲೆ.

ಮೊದಲನೆಯ ಕಾರಣ, ಹೊರಗಿವಿಯ ಬೇನೆಗಳೆಲ್ಲ ಒಂದೇ ಅಲ್ಲ. ಹೆಚ್ಚಿನವು ಸ್ಯೂಡೊಮೊನಾಸ್, ಸ್ಟೆಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಗಳಿಂದ ಬರುತ್ತವೆ. ಆದರೆ ಸೆಕೆಯೂ ತೇವವೂ ಕೂಡಿದ ಸೀಮೆಗಳಲ್ಲಿ ಆಸ್ಪರ್ಜಿಲಸ್‌ನಂಥ ಬೂಷ್ಟು ಕಿವಿಯಲ್ಲಿ ಬೆಳೆಯುವುದು ಅಪರೂಪವಲ್ಲ. ಆಂಟಿಬಯಾಟಿಕ್ ಮದ್ದು ಬೂಷ್ಟನ್ನು ಮುಟ್ಟದು. ಅದರೊಡನೆ ಬೆರೆತ ಸ್ಟೀರಾಯ್ಡು ಊತವನ್ನಿಳಿಸಿ ಹಿತವೆನಿಸಿದರೂ, ಬಹುಕಾಲ ಬಳಸಿದರೆ ಬೂಷ್ಟಿಗೆ ಅನುಕೂಲವನ್ನೇ ಒದಗಿಸುತ್ತದೆ. ಅಣ್ಣನ ಕಿವಿಗೆ ಕೊಟ್ಟ ಮದ್ದು ತಂಗಿಯ ಕಿವಿಗೆ ಸಲ್ಲದಿರುವುದು ಇದರಿಂದಲೇ.

ಎರಡನೆಯ ಕಾರಣ ಇನ್ನೂ ಗಂಭೀರವಾದುದು. ನೆಗಡಿಯ ಬೆನ್ನಲ್ಲೇ ಮಕ್ಕಳ ನಡುಗಿವಿಯಲ್ಲಿ ಕೀವು ತುಂಬಿ, ಕಿವಿದಮಟೆ ತೂತಾಗಿ ಸೋರುವುದುಂಟು. ಹೊರಗಿನಿಂದ ಕಾಣುವವರಿಗೆ ಇದೂ ಸೋರುವ ಕಿವಿಯೇ, ಅದೂ ಸೋರುವ ಕಿವಿಯೇ. ದಮಟೆ ತೂತಾಗಿದ್ದರೆ ಹನಿಯು ನಡುಗಿವಿಗಿಳಿದು, ಒಳಗಿವಿಯ ಬಾಗಿಲನ್ನು ಮುಟ್ಟಬಲ್ಲುದು. 1943ರಲ್ಲಿ ಕಂಡುಹಿಡಿದ ಸ್ಟ್ರೆಪ್ಟೊಮೈಸಿನ್ ಅಸಂಖ್ಯ ಕ್ಷಯರೋಗಿಗಳ ಜೀವವನ್ನುಳಿಸಿತು. ಆದರೆ ಆ ಚುಚ್ಚುಮದ್ದು ಪಡೆದವರಲ್ಲಿ ಕೆಲವರು ಶರೀರದ ಸಮತೋಲವನ್ನು, ಕೆಲವರು ಶ್ರವಣವನ್ನು ಕಳೆದುಕೊಂಡರು. ಅದೇ ಕುಲದ ನಿಯೊಮೈಸಿನ್, ಜೆಂಟಮೈಸಿನ್‌ಗಳು ಇಂದಿಗೂ ಹಲವು ಕಿವಿಹನಿಗಳಲ್ಲಿವೆ. ಒಳಗಿವಿಯ ಶಂಖದಲ್ಲಿ ಧ್ವನಿಯನ್ನು ಗ್ರಹಿಸುವ ರೋಮಕೋಶಗಳು ಸುಮಾರು 15,000 ಮಾತ್ರ. ಮನುಷ್ಯರಲ್ಲಿ ಅವು ಸತ್ತರೆ ಮತ್ತೆ ಹುಟ್ಟವು. ಪ್ರತಿಯೊಬ್ಬರಿಗೂ ಹೀಗಾಗುವುದೆಂದು ನಾವು ಹೆದರಿಸುತ್ತಿಲ್ಲ. ಆದರೆ ಆಗುವ ನಷ್ಟ ಮರಳಿ ತುಂಬದಂಥದು. ತಪ್ಪಿಸುವ ಉಪಾಯವಾದರೋ ಸುಲಭ. ಸಿಪ್ರೊಫ್ಲಾಕ್ಸಸಿನ್, ಆಫ್ಲಾಕ್ಸಸಿನ್‌ನಂಥ ಹನಿಗಳಿಗೆ ಈ ದೋಷ ಕಂಡುಬಂದಿಲ್ಲ. ಯಾವ ಕಿವಿಗೆ ಯಾವುದು ಎಂಬುದನ್ನು ನೋಡಿದವರೇ ಹೇಳಬೇಕು.

ಹಳ್ಳಿಯಲ್ಲಿ ಕಿವಿಯ ತಜ್ಞರೆಲ್ಲಿದ್ದಾರೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಆದರೆ ಕಿವಿಯೊಳಗನ್ನು ನೋಡಲು ತಜ್ಞರೇ ಆಗಬೇಕೆಂದಿಲ್ಲ. ದೀಪವೂ ಮಸೂರವೂ ಇರುವ, ಅಂಗೈಯಲ್ಲಿ ಹಿಡಿಯುವ ಆಟೊಸ್ಕೋಪು ಇದ್ದರೆ ಸಾಮಾನ್ಯ ವೈದ್ಯರೂ ನೋಡಬಲ್ಲರು. ಅಂಥ ಉಪಕರಣವು ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಮೇಜಿನ ಮೇಲೂ ಇರಬೇಕೆಂದು ಕೇಳುವುದು ಅತಿಯಾಸೆಯಲ್ಲ. ಬೆಳಗಾಗುವವರೆಗೆ, ವಯಸ್ಸಿಗೆ ತಕ್ಕ ಪ್ರಮಾಣದ ಪ್ಯಾರಾಸಿಟಮಾಲ್ ನೋವನ್ನು ತಗ್ಗಿಸುತ್ತದೆ. ಕಿವಿಯನ್ನು ಒಣಗಿರಿಸಿದರೆ ಸಾಕು. ಆದರೆ ಸಿಹಿಮೂತ್ರದ ರೋಗಿಗಳಿಗೂ ವೃದ್ಧರಿಗೂ ಕಿವಿನೋವು ತೀವ್ರವಾದಲ್ಲಿ, ಕಿವಿಯ ಹಿಂದೆ ಬಾತುಕೊಂಡಲ್ಲಿ, ಮುಖ ಸೊಟ್ಟಗಾದಲ್ಲಿ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು.

ಮದ್ದು ಗೊತ್ತಾದ ಮೇಲೆ ಬಿಡುವ ಕ್ರಮವನ್ನೂ ಅರಿತಿರಬೇಕು. ಮೊದಲು ಸೀಸೆಯನ್ನು ಕೆಲವು ನಿಮಿಷ ಅಂಗೈಯಲ್ಲಿ ಹಿಡಿದು ಬೆಚ್ಚಗಾಗಿಸಬೇಕು. ವಿಯೆನ್ನಾದ ವೈದ್ಯ ರಾಬರ್ಟ್ ಬಾರಾನಿ, ಕಿವಿ ತೊಳೆಯುವ ನೀರು ತಣ್ಣಗಿದ್ದರೆ ರೋಗಿಗೆ ತಲೆಸುತ್ತುವುದನ್ನು ಕಂಡು, ಅದರ ಜಾಡು ಹಿಡಿದು ಒಳಗಿವಿಯ ಸಮತೋಲದ ಅಂಗವನ್ನು ಕುರಿತು ನಡೆಸಿದ ಸಂಶೋಧನೆಗೆ 1914ರ ನೊಬೆಲ್ ಪಾರಿತೋಷಕ ಸಂದಿತು. ತಣ್ಣನೆಯ ಹನಿಯೂ ಅದೇ ತಲೆಸುತ್ತನ್ನು ತರಬಲ್ಲುದು. ರೋಗಿಯು ಬೇನೆಯ ಕಿವಿ ಮೇಲಾಗುವಂತೆ ಮಲಗಲಿ. ದೊಡ್ಡವರ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ, ಮೂರು ವರ್ಷದೊಳಗಿನ ಮಕ್ಕಳದನ್ನು ಕೆಳಕ್ಕೂ ಹಿಂದಕ್ಕೂ ಮೆಲ್ಲನೆ ಎಳೆದರೆ ಸುರಂಗದ ಡೊಂಕು ನೇರವಾಗುತ್ತದೆ. ಸೀಸೆಯ ಮೂತಿ ಕಿವಿಗೆ ತಾಗಬಾರದು. ಹನಿ ಬಿಟ್ಟ ಮೇಲೆ ರಂಧ್ರದ ಮುಂದಿರುವ ಪುಟ್ಟ ದಿಂಡನ್ನು ಮೆಲ್ಲನೆ ಒತ್ತಿ, 3ರಿಂದ 5 ನಿಮಿಷ ಹಾಗೆಯೇ ಮಲಗಿರಬೇಕು. ಮದ್ದಿನ ರುಚಿ ಗಂಟಲಿನಲ್ಲಿ ತೋರಿದರೆ ದಮಟೆ ತೂತಾಗಿರಬಹುದೆಂದು ತಿಳಿದು, ಹನಿಯನ್ನು ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಕೇಳಿಸುವುದು ಮಂದವಾದರೆ, ಕಿವಿಯಲ್ಲಿ ಮೊರೆತ ಹುಟ್ಟಿದರೆ, ತುರಿಕೆ ಹೆಚ್ಚಿದರೆ ಆಗಲೂ ಹಾಗೆಯೇ. ನೋವು ಇಳಿಯಿತೆಂದು ಮಾತ್ರ ಹೇಳಿದ ದಿನಗಳಿಗೆ ಮುಂಚೆ ಬಿಡಕೂಡದು.

ಕಡೆಯ ಮಾತು ಉಳಿದ ಮದ್ದಿನದು. ತೆರೆದ ಸೀಸೆಗೆ ಆಯುಷ್ಯ ಸ್ವಲ್ಪ. ಅನೇಕ ಹನಿಗಳಿಗೆ ನಾಲ್ಕು ವಾರವೇ ಗಡುವು. ಚಿಕಿತ್ಸೆ ಮುಗಿದ ದಿನ ಅದನ್ನು ಎಸೆಯುವುದು ದುಂದಲ್ಲ. ಮುಂದಿನ ಮಳೆಗಾಲದಲ್ಲಿ, ನಡುರಾತ್ರಿಯಲ್ಲಿ, ಇನ್ನೊಂದು ಮಗುವಿನ ಕಿವಿಗೆ ಅದು ನೋಡದೆ ಬೀಳುವುದನ್ನು ತಪ್ಪಿಸಿದಂತೆ. ಕಪಾಟಿನಲ್ಲಿ ಆ ಸೀಸೆ ಇಲ್ಲದಿದ್ದರೆ, ನಾವು ವೈದ್ಯರ ಬಾಗಿಲಿಗೆ ಹೋಗುತ್ತೇವೆ; ಕಿವಿಗೆ ಅದೇ ಕ್ಷೇಮ.