ತಾಳಿದವನು ಬಾಳಿಯಾನು, ತಾಳಿದವಳು?

‘ತಾಳಿದವನು ಬಾಳಿಯಾನು’ ಎಂಬ ಗಾದೆಯನ್ನು ನೀವು ಎಂದಾದರೂ ಸರಿಯಾಗಿ ನೋಡಿದ್ದೀರಾ? ತಾಳಿದ‘ವನು’ ಎಂದಿದೆ. ಗಾದೆ ಕಟ್ಟಿದ ಪುಣ್ಯಾತ್ಮರು ಗಂಡಸನ್ನು ಎದುರಿಗಿಟ್ಟುಕೊಂಡೇ ಕಟ್ಟಿದ್ದಾರೆ. ಆದರೆ ಅರವತ್ತು ದಾಟಿದ ನನ್ನ ಬದುಕಿನಲ್ಲಿ ಈ ಮಾತನ್ನು ಯಾವ ಗಂಡಸಿಗಾದರೂ ಯಾರಾದರೂ ಹೇಳಿದ್ದನ್ನು ನಾನು ಕೇಳಿಲ್ಲ. ಅದು ಮೀಸಲಾಗಿರುವುದು ನಮಗೆ. ಅದರಲ್ಲೂ ಗಂಡನ ಮನೆಯಿಂದ ಚೀಲ ಹಿಡಿದು ತವರಿನ ಬಾಗಿಲಿಗೆ ಬಂದು ನಿಂತ ಹೆಣ್ಣುಮಕ್ಕಳಿಗೆ.

2022ರ ಮಳೆಗಾಲದಲ್ಲಿ ನನ್ನ ಮಗಳು ಹಾಗೆ ಬಂದಳು. ಎಡ ಮಣಿಕಟ್ಟಿಗೆ ಪ್ಲಾಸ್ಟರು. ಬಚ್ಚಲಲ್ಲಿ ಜಾರಿದೆ ಎಂದಳು. ಮೂರನೆಯ ದಿನ ನಿಜ ಹೇಳಿದಳು. ಅದರ ಮರುವಾರವೇ ನಮ್ಮ ಸಭೆಯ ಹಿರಿಯರಿಬ್ಬರು ಮನೆಗೆ ಬಂದರು. ಚಹಾ ಕುಡಿದರು, ಚಕ್ಕುಲಿ ತಿಂದರು, ಬೈಬಲ್ ತೆರೆದು ಎಫೆಸದವರಿಗೆ ಪೌಲನು ಬರೆದ ಪತ್ರಿಕೆಯ ಐದನೆಯ ಅಧ್ಯಾಯದ 22ನೆಯ ವಚನ ಓದಿದರು. ಹೆಂಡತಿಯರು ಗಂಡಂದಿರಿಗೆ ಅಧೀನರಾಗಿರಬೇಕೆನ್ನುವ ವಚನ ಅದು. ಕೊನೆಗೆ, ದೇವರ ವಾಕ್ಯವೊಂದೇ ಸಾಲದೇನೋ ಎಂಬಂತೆ, ಮೇಲಿನ ಗಾದೆಯನ್ನೂ ಸೇರಿಸಿ ಎದ್ದರು. ಅಳಿಯನ ಮನೆಗೆ ಹೋಗಿ ಅವನಿಗೆ ಯಾವ ವಚನ ಓದಿದರೆಂದು ಕೇಳಿದೆ. ಅಲ್ಲಿಗೆ ಹೋಗಿರಲಿಲ್ಲವಂತೆ.

ಅಂದಿನಿಂದ ಒಂದೂವರೆ ವರ್ಷ ನಾನು ದೇವಾಲಯದ ಮೆಟ್ಟಿಲು ಹತ್ತಲಿಲ್ಲ. ದೇವರ ಮೇಲೆ ಸಿಟ್ಟಿರಲಿಲ್ಲ. ಅವನ ವಕೀಲರ ಮೇಲೆ ಇತ್ತು. ಭಾನುವಾರ ಬೆಳಿಗ್ಗೆ ಗಂಟೆಯ ಸದ್ದು ಕೇಳಿದರೆ ಒಗೆಯುವ ಬಟ್ಟೆ ನೆನೆಹಾಕಿ ಕೂರುತ್ತಿದ್ದೆ. ಮಗಳು ಮಾತೇ ಬಿಟ್ಟಿದ್ದಳು. ನಾಳೆ ಎನ್ನುವ ಶಬ್ದ ನಮ್ಮ ಮನೆಯಲ್ಲಿ ಹಾಲಿನವನಿಗೆ ಹೇಳುವಾಗ ಮಾತ್ರ ಬಳಕೆಯಲ್ಲಿತ್ತು.

2024ರ ಮಾರ್ಚ್ 1, ಶುಕ್ರವಾರ. ಪ್ರತಿವರ್ಷ ಮಾರ್ಚ್ ತಿಂಗಳ ಮೊದಲ ಶುಕ್ರವಾರ 100ಕ್ಕೂ ಹೆಚ್ಚು ದೇಶಗಳ ಕ್ರೈಸ್ತ ಮಹಿಳೆಯರು ಒಂದೇ ಆರಾಧನೆಯನ್ನು ತಂತಮ್ಮ ಭಾಷೆಯಲ್ಲಿ ನಡೆಸುತ್ತಾರೆ. ವಿಶ್ವ ಪ್ರಾರ್ಥನಾ ದಿನವೆಂದು ಅದರ ಹೆಸರು, 1927ರಿಂದ ನಡೆದುಬಂದಿದೆ. ಒಂದೊಂದು ವರ್ಷ ಒಂದೊಂದು ದೇಶದ ಹೆಂಗಸರು ಆರಾಧನೆಯ ಕ್ರಮ ಬರೆದು ಕಳಿಸುತ್ತಾರೆ. ಆ ವರ್ಷದ ಸರದಿ ಪ್ಯಾಲೆಸ್ಟೀನಿನ ಹೆಂಗಸರದು. ಅವರು ಅದನ್ನು ಬರೆದದ್ದು 2023ರ ಅಕ್ಟೋಬರಿನ ಯುದ್ಧಕ್ಕೆ ಮೊದಲು. ನಾವು ಓದುವ ಹೊತ್ತಿಗೆ ಗಾಜಾದ ಸುದ್ದಿಯನ್ನು ಟೀವಿಯಲ್ಲಿ ನೋಡಿ ನೋಡಿ ಕಣ್ಣು ಬತ್ತಿಹೋಗಿತ್ತು.

ನಾನು ಹೋದದ್ದು ಭಕ್ತಿಯಿಂದಲ್ಲ. ಪಕ್ಕದ ಮನೆಯ ನರ್ಸ್ ಹುಡುಗಿ ಬಂದು ಕರೆದಳು. ಮಗಳು ತಾನಾಗಿಯೇ ‘ನಡಿ ಅವ್ವಾ’ ಎಂದಳು. ಆ ಎರಡು ಶಬ್ದಕ್ಕಾಗಿ ಹೋದೆ. ದೇವಾಲಯದ ಹಿಂದಿನ ಹಾಲಿನಲ್ಲಿ ಜಮಖಾನೆ ಹಾಸಿದ್ದರು. ನಳ ಬರುವ ದಿನ, ಅದೂ ಬರಗಾಲದ ವರ್ಷ. ಅರ್ಧ ಹೆಂಗಸರೂ ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ನಲವತ್ತರ ಮೇಲೆ ಇದ್ದರು. ನಮ್ಮ ದಕ್ಷಿಣ ಭಾರತ ಸಭೆಯವರು, ಮೆಥಡಿಸ್ಟರು, ಕಥೋಲಿಕರು, ಇಬ್ಬರು ಸಿಸ್ಟರುಗಳು. ಗಂಡಸರೆಂದರೆ ಮೈಕು ಜೋಡಿಸಿದ ಹುಡುಗನೊಬ್ಬನೇ. ಅವನೂ ಸ್ವಲ್ಪ ಹೊತ್ತಿಗೆ ಎದ್ದು ಹೋದ.

ಓದಿದ್ದು ಅದೇ ಎಫೆಸದವರ ಪತ್ರಿಕೆ! ಆದರೆ ನಾಲ್ಕನೆಯ ಅಧ್ಯಾಯ. ಸೆರೆಯಲ್ಲಿದ್ದ ಪೌಲನು ಸಭೆಯವರೆಲ್ಲರಿಗೂ, ಪ್ರೀತಿಯಿಂದ ಒಬ್ಬರನ್ನೊಬ್ಬರು ಸಹಿಸಿಕೊಂಡು ನಡೆಯಿರಿ ಎಂಬ ಅರ್ಥದಲ್ಲಿ ಬೇಡಿಕೊಳ್ಳುವ ಭಾಗ. ನರ್ಸ್ ಹುಡುಗಿ ‘ಒಬ್ಬರನ್ನೊಬ್ಬರು’ ಎಂಬುದನ್ನು ಎರಡು ಸಲ ಓದಿದಳು. ಬೇಕೆಂದೇ ಓದಿದಳೋ, ತಡವರಿಸಿದಳೋ, ನಾನು ಕೇಳಲಿಲ್ಲ.

ಆಮೇಲೆ ಯಾರು ಬೇಕಾದರೂ ಪ್ರಾರ್ಥಿಸಬಹುದು ಎಂದರು. ಗೋಡೆಗೆ ಒರಗಿದ್ದ ಮುದುಕಿಯೊಬ್ಬಳು ಎದ್ದಳು. ನಾನು ಕಲಿಸುತ್ತಿದ್ದ ಶಾಲೆಯಲ್ಲಿ ಆಯಾ ಆಗಿದ್ದವಳು. ಪ್ರಾರ್ಥನೆಗೆ ಕಣ್ಣು ಮುಚ್ಚಲಿಲ್ಲ, ನನ್ನ ಕಡೆಗೇ ನೋಡಿದಳು. ‘ಅಕ್ಕೋರ, ನೀವು ಹೇಳಿದ ಮ್ಯಾಲೆ ನಾ ಹನ್ನೊಂದು ವರ್ಷ ತಾಳೇನ್ರಿ. ಯಾರು ಬಾಳ್ಯಾರ ಹೇಳ್ರಿ?’

ಹೌದು, 1989ರಲ್ಲಿ ನಾನು ಅವಳಿಗೆ ಅದೇ ಗಾದೆ ಹೇಳಿದ್ದೆ. ಹಿರಿಯರ ಮೇಲೆ ಹರಿಹಾಯುವ ಮೊದಲು ಇದನ್ನು ಒಪ್ಪಿಕೊಳ್ಳಬೇಕಾಗಿತ್ತು. ಒಪ್ಪಿಕೊಳ್ಳಲು ಇಷ್ಟು ದೂರ ಬರಬೇಕಾಯಿತು. ನನ್ನದೊಂದು ಕುಂಟುನೆಪವಿದೆ. ಆಗ ನಮಗೆ ಲಾಗೂ ಆಗುತ್ತಿದ್ದುದು 1869ರ ವಿಚ್ಛೇದನ ಕಾಯ್ದೆ. ಕ್ರೈಸ್ತ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದನ್ನು ತೋರಿಸಿದರೆ ಬಿಡುಗಡೆ. ಹೆಂಡತಿಗೆ ಅಷ್ಟು ಸಾಲದು. ವ್ಯಭಿಚಾರದ ಜೊತೆಗೆ ಕ್ರೌರ್ಯವೋ, ಎರಡು ವರ್ಷ ಬಿಟ್ಟುಹೋದದ್ದೋ ಇರಬೇಕು. ಬರೀ ಹೊಡೆದರೆ ವಿಚ್ಛೇದನವಿಲ್ಲ, ಹೆಚ್ಚೆಂದರೆ ಬೇರೆ ಇರಲು ಅಪ್ಪಣೆ. 2001ರಲ್ಲಿ, ಅಂದರೆ 132 ವರ್ಷಗಳ ಮೇಲೆ, ಸಂಸತ್ತು ಅದನ್ನು ತಿದ್ದಿ ಗಂಡಹೆಂಡಿರನ್ನು ಒಂದೇ ತಕ್ಕಡಿಯಲ್ಲಿಟ್ಟಿತು, ಕ್ರೌರ್ಯವೊಂದೇ ಸಾಕಾಯಿತು. 2005ರಲ್ಲಿ ಕೌಟುಂಬಿಕ ಹಿಂಸೆಯ ವಿರುದ್ಧ ಬೇರೆ ಕಾಯ್ದೆಯೂ ಬಂತು. ಸರ್ಕಾರದ ಕಡತವೇ ತಿರುವಿತು. ನಮ್ಮ ಹಿರಿಯರ ಬೈಬಲ್ ಮಾತ್ರ ಅದೇ ಪುಟಕ್ಕೆ ತಾನಾಗಿ ತೆರೆದುಕೊಳ್ಳುತ್ತದೆ.

ಆ ಪುಟದಲ್ಲೂ ಒಂದು ಸಾಲು ಮೇಲೆ ಕಣ್ಣು ಹಾಯಿಸಬಾರದೇ? 22ಕ್ಕೆ ಮುಂಚೆ 21 ಇದೆ. ಅಲ್ಲಿ ಅಧೀನತೆ ಒಬ್ಬರಿಗೊಬ್ಬರದು. 25ರಿಂದ ಮುಂದೆ ಗಂಡಂದಿರಿಗೆ ಹೇಳಿದ್ದು ಹೆಂಡತಿಯರಿಗೆ ಹೇಳಿದ್ದಕ್ಕಿಂತ ಉದ್ದವಾಗಿದೆ: ಸ್ವಂತ ದೇಹವನ್ನು ಪ್ರೀತಿಸುವಂತೆ ಹೆಂಡತಿಯನ್ನು ಪ್ರೀತಿಸಬೇಕಂತೆ. ತನ್ನ ಮಣಿಕಟ್ಟನ್ನು ತಾನೇ ಮುರಿದುಕೊಳ್ಳುವವನನ್ನು ಯಾರಾದರೂ ಕಂಡಿದ್ದೀರಾ? ವಚನವನ್ನು ಅರ್ಧ ಓದಿ, ಉಳಿದರ್ಧವನ್ನು ಜೇಬಿನಲ್ಲಿಟ್ಟುಕೊಂಡು ಹೆಂಗಸರ ಮನೆ ಬಾಗಿಲಿಗೆ ಬರುವುದಕ್ಕೆ ಬೇರೇನೇ ಹೆಸರಿರಲಿ, ಉಪದೇಶವೆನ್ನಲಾಗದು.

ಮನೆಯ ಜಗಳವನ್ನು ದೇವಾಲಯಕ್ಕೆ ತರಬಾರದಿತ್ತು ಎಂದು ಆಮೇಲೆ ಕೆಲವರೆಂದರು. ಅಲ್ಲ, ದೇವಾಲಯವನ್ನು ನನ್ನ ಪಡಸಾಲೆಗೆ ತಂದವರು ಯಾರು?

ಆ ಮುದುಕಿಯ ಕಾಲು ಹಿಡಿಯಲು ಹೋದೆ. ಹಿಡಿಯಗೊಡಲಿಲ್ಲ, ‘ಕುಂದರ್ರಿ, ಚಹಾ ಆರತದ’ ಎಂದಳು. ಅವಳಾದ ಮೇಲೆ ಇನ್ನೊಬ್ಬರು ಮಾತಾಡಿದರು, ಮತ್ತೊಬ್ಬರು. ಸಿಸ್ಟರ್ ಒಬ್ಬರು ಅತ್ತರು. ನನ್ನ ಮಗಳು ನಿಂತು ತನ್ನ ಕೈ ಮುರಿದದ್ದು ಹೇಗೆಂದು ನಾಲ್ಕು ವಾಕ್ಯದಲ್ಲಿ ಹೇಳಿದಳು. ಒಂದೂವರೆ ವರ್ಷದಲ್ಲಿ ಅಷ್ಟು ಮಾತು ನಾನೇ ಕೇಳಿರಲಿಲ್ಲ. ಯಾರೂ ತಾಳಿಕೋ ಎನ್ನಲಿಲ್ಲ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಯಲ್ಲೇ ಕೌಟುಂಬಿಕ ಹಿಂಸೆಯ ದೂರು ಕೊಡಬಹುದು, ಆ ಅಧಿಕಾರಿಯೇ ಸಂರಕ್ಷಣಾಧಿಕಾರಿ ಎಂದು ನರ್ಸ್ ಹುಡುಗಿ ಹೇಳಿದಳು. (ನೀವೂ ತಿಳಿದಿರಿ, ಯಾರಿಗಾದರೂ ಬೇಕಾದೀತು.) ಸೋಮವಾರ ಮಗಳ ಜೊತೆ ಐದು ಜನ ಹೋದರು. ಆಯಾ ಎಲ್ಲರಿಗಿಂತ ಮುಂದೆ.

ಭರವಸೆ ಎಂದರೆ ಪೀಠದಿಂದ ಇಳಿದುಬರುವ ದೊಡ್ಡ ದನಿ ಎಂದು ನಾನು ತಿಳಿದಿದ್ದೆ. ಅಂದು ಅದು ಜಮಖಾನೆಯ ಮೇಲೆ, ನನ್ನ ಮಟ್ಟದಲ್ಲೇ ಕುಳಿತಿತ್ತು. 2013ರಲ್ಲಿ ನಂದ್ಯಾಲದಲ್ಲಿ ಇ. ಪುಷ್ಪಲಲಿತಾ ಅವರು ದಕ್ಷಿಣ ಭಾರತ ಸಭೆಯ ಮೊದಲ ಮಹಿಳಾ ಬಿಷಪ್ ಆದರು. ನಮ್ಮ ಊರಿನ ಸಭೆಯಲ್ಲಿ ಹೆಂಗಸರಿಗೆ ಇನ್ನೂ ಕಟ್ಟಿಟ್ಟಿರುವುದು ಚಹಾದ ಉಸ್ತುವಾರಿ. ಮನೆಗೆ ಬಂದು ವಚನ ಓದುವ ಹಿರಿಯರಲ್ಲಿ ಅರ್ಧದಷ್ಟಾದರೂ ಹೆಂಗಸರಿರಲಿ ಎಂದು ನಾವು ಬರೆದುಕೊಟ್ಟ ಅರ್ಜಿ ಕಮಿಟಿಯ ಮೇಜಿನ ಮೇಲಿದೆ.

2025ರ ಮಾರ್ಚ್ 7ರಂದು ಕುಕ್ ದ್ವೀಪಗಳ ಹೆಂಗಸರ ಸರದಿ. ಪಾಠ ಓದಿದ್ದು ನನ್ನ ಮಗಳು. ಆ ಇಬ್ಬರು ಹಿರಿಯರಲ್ಲಿ ಒಬ್ಬರು ಹೆಂಡತಿಯನ್ನು ಕರೆದೊಯ್ಯಲು ಸ್ಕೂಟರಿನಲ್ಲಿ ಬಂದು ಬೇವಿನ ಮರದ ಕೆಳಗೆ ಕಾಯುತ್ತಿದ್ದರು. ಹೊತ್ತು ಮೀರಿತೆಂದು ಬಾಗಿಲಿಗೆ ಬಂದು, ‘ಮುಗೀತೇನ್ರಿ?’ ಎಂದರು.

‘ಇಲ್ರಿ,’ ಎಂದಳು ಆಯಾ. ‘ಒಳಗ ಬಂದು ಕುಂದರ್ರಿ.’