ಒಂದೇ ಮಾಡೆಲು, ಎರಡು ಬಣ್ಣ!

ಮೊನ್ನೆ ನಮ್ಮ ಅಕ್ಕನ ಮಗ ಮುಖ ಇಳಿಬಿಟ್ಟುಕೊಂಡು ಬಂದ. ಹುಡುಗನಿಗೆ ಸಿನಿಮಾ ಹುಚ್ಚು. ಹನ್ನೆರಡು ನಿಮಿಷದ ಕಿರುಚಿತ್ರ ತೆಗೆದು, ಹೊಸ ಲ್ಯಾಪ್‌ಟಾಪಿನಲ್ಲಿ ತಾನೇ ಬಣ್ಣ ತಿದ್ದಿದ್ದ. ಕಾಲೇಜಿನ ದೊಡ್ಡ ತೆರೆಯ ಮೇಲೆ ಹಾಕಿದರೆ ನಾಯಕಿಯ ಮುಖವೆಲ್ಲ ಕೆಂಪೋ ಕೆಂಪು! ‘ಅಮ್ಮನವರು ಮೈಮೇಲೆ ಬಂದ್ರು’ ಅಂತ ಹಿಂದಿನಿಂದ ಕೂಗು, ಶಿಳ್ಳೆ.

‘ಮಾಮ, ನನ್ನ ಲ್ಯಾಪ್‌ಟಾಪಲ್ಲಿ ಸರಿಯಾಗೇ ಇತ್ತು’ ಅಂತ ಗೋಳಾಡಿದ. ಅವನ ಗೆಳೆಯನದೂ ಅದೇ ಕಂಪನಿ, ಅದೇ ಮಾಡೆಲು. ಅದರಲ್ಲಿ ನೋಡಿದರೆ ಮತ್ತೆ ಅಮ್ಮನವರೇ!

ಗುಟ್ಟು ಇಷ್ಟೇ ಸ್ವಾಮಿ. ಹೆಸರು ಒಂದೇ ಇದ್ದರೂ ಒಳಗೆ ಕೂರಿಸೋ ಪ್ಯಾನಲ್ಲು ಬೇರೆ ಬೇರೆ ಇರಬಹುದು. ನಮ್ಮ ಹುಡುಗನದು ‘45% ಎನ್‌ಟಿಎಸ್‌ಸಿ’. ಕಂಪ್ಯೂಟರ್ ಪರದೆಯ ಬಣ್ಣಕ್ಕೆ ಸಾಮಾನ್ಯವಾಗಿ ಹಿಡಿಯುವ ಅಳತೆಗೋಲು ಎಸ್‌ಆರ್‌ಜಿಬಿ. ಈ ಪ್ಯಾನಲ್ಲು ಅದರಲ್ಲಿ ಮೂರರಲ್ಲಿ ಎರಡು ಪಾಲನ್ನೂ ತೋರಿಸಲಾರದು. ಕೆಂಪು ಇಟ್ಟಿಗೆ ಪುಡಿಯ ಹಾಗೆ ಸಪ್ಪೆ. ಪಾಪ, ಸಪ್ಪೆ ಕಂಡಿದ್ದಕ್ಕೆ ಇವನು ಇನ್ನಷ್ಟು ಕೆಂಪು ಸುರಿದ. ಗೆಳೆಯನದು 72%, ಅಂದರೆ ಎಸ್‌ಆರ್‌ಜಿಬಿ ಹೆಚ್ಚುಕಡಿಮೆ ಪೂರ್ತಿ. ಸುರಿದಿದ್ದೆಲ್ಲ ಅಲ್ಲಿ ಬಯಲಾಯ್ತು!

‘ಐಪಿಎಸ್ ಅಂತ ಬರೆದಿತ್ತಲ್ಲ ಮಾಮ?’ ಐಪಿಎಸ್ ಅಂದರೆ ಪಕ್ಕದಿಂದ ನೋಡಿದರೂ ಚಿತ್ರ ಕೆಡೋದಿಲ್ಲ ಅಂತ. ಬಣ್ಣದ ಲೆಕ್ಕವೇ ಬೇರೆ. ಹಳೇ ಟಿಎನ್ ಪರದೆಗಳನ್ನು ತಗ್ಗಿನಿಂದ ನೋಡಿದರೆ ನೆಗೆಟಿವ್ ಫಿಲ್ಮಿನಂತೆ ಕಾಣೋದು. ಟೆಂಟ್ ಸಿನಿಮಾದಲ್ಲಿ ಮೂಲೆಗೆ ಕೂತು ಸೊಟ್ಟ ನಾಯಕನನ್ನು ನೋಡಿ ಬೆಳೆದ ನನಗೆ ಅದೇನೂ ದೊಡ್ಡದಲ್ಲ ಬಿಡಿ!

ಇನ್ನು ಕಪ್ಪು. 2018ರ ‘ಕೆ.ಜಿ.ಎಫ್’ನ ಗಣಿಯ ಕತ್ತಲೆ ನೆನಪಿದೆಯಾ? ಎಲ್‌ಸಿಡಿ ಪರದೆಯ ಹಿಂದೆ ದೀಪ ಉರೀತಾನೇ ಇರುತ್ತೆ, ಬೆಳಕು ಸ್ವಲ್ಪ ಸೋರುತ್ತೆ, ಕತ್ತಲೆ ಬೂದಿಯಾಗುತ್ತೆ. ಒಎಲ್‌ಇಡಿಯಲ್ಲಿ ಒಂದೊಂದು ಚುಕ್ಕಿಯೂ ತಾನೇ ಉರಿದು ತಾನೇ ಆರುತ್ತೆ. ಕಪ್ಪು ಅಂದರೆ ಕಪ್ಪು. ಬೆಲೆ ಕೇಳಿದರೆ ನಿಮ್ಮ ಕಣ್ಣೂ ಕಪ್ಪು!

ಕೊಳ್ಳೋಕೆ ಹೋಗೋ ತಮ್ಮಂದಿರೇ, ಚೀಟಿಯಲ್ಲಿ ‘100% ಎಸ್‌ಆರ್‌ಜಿಬಿ’ ಹುಡುಕಿ. ಪೆನ್‌ಡ್ರೈವಲ್ಲಿ ಚೆನ್ನಾಗಿ ಬಲ್ಲ ಚಿತ್ರದ ಒಂದು ಕ್ಲೋಸಪ್ಪು, ಒಂದು ರಾತ್ರಿ ದೃಶ್ಯ ಒಯ್ದು ಅಂಗಡಿಯಲ್ಲೇ ಹಾಕಿಸಿ. ಅಂಗಡಿಯವನು ಗೊಣಗಲಿ, ದುಡ್ಡು ನಿಮ್ಮದು.

ನಮ್ಮ ಹುಡುಗ ವಾಪಸು ಕೊಡೋಕೆ ಹೋದ. ‘ಪರದೆ ಹತ್ತುತ್ತೆ ತಾನೆ? ಕೆಟ್ಟಿಲ್ಲ’ ಅಂದು ಕಳಿಸಿದರಂತೆ. ಕಿರುಚಿತ್ರ ಸ್ಪರ್ಧೆಗೆ ಶುಕ್ರವಾರ ಕಡೇ ದಿನ. ಈಗ ಗೆಳೆಯನ ರೂಮಿನಲ್ಲಿ ರಾತ್ರಿಯೆಲ್ಲ ಕೂತು ನಾಯಕಿಯ ಮುಖ ತೊಳೀತಿದ್ದಾನೆ.