ಕೋಟಾ ಇದೆ, ಕೋಚ್ ಎಲ್ಲಿ?

ಹತ್ತನೇ ಕ್ಲಾಸ್ ಮುಗಿಸಿದ ಟಿಟ್ವಾಳಾದ ಹುಡುಗನೊಬ್ಬ ಫುಟ್‌ಬಾಲ್ ಬಿಡದೆ ಓದಬೇಕು ಅಂತಾನೆ ಅಂದುಕೊಳ್ಳಿ. ಮನೆಯಲ್ಲಿ ಮೊದಲು ನೋಡುವುದು ಕಟ್-ಆಫ್. ಆಮೇಲೆ ಕ್ರೀಡಾ ಕೋಟಾ, ಅದೂ ಮಾರ್ಕ್ಸ್ ಕಡಿಮೆ ಬಿದ್ದವರಿಗೆ ಸಿಗುವ ಡಿಸ್ಕೌಂಟ್ ಕೂಪನ್ ಎಂಬಂತೆ! ಆ ಕಾಲೇಜಿಗೆ ಮೈದಾನ ಇದೆಯೇ, ಕೋಚ್ ಯಾರು, ಕಳೆದ ವರ್ಷ ತಂಡ ಎಷ್ಟು ಪಂದ್ಯ ಆಡಿತು, ಯಾರೂ ಕೇಳುವುದಿಲ್ಲ. ಮೊಬೈಲ್ ಕೊಳ್ಳುವಾಗ ಹತ್ತು ಮಾಡೆಲ್ ಹೋಲಿಸುವವರು ನಾವು.

ಅಮೆರಿಕದಲ್ಲಿ ಒಳ್ಳೆಯ ಹೈಸ್ಕೂಲ್ ಆಟಗಾರನನ್ನು ಕಾಲೇಜು ಕೋಚ್‌ಗಳೇ ಹುಡುಕಿಕೊಂಡು ಬರುತ್ತಾರೆ. (ಅವರ ಫುಟ್‌ಬಾಲ್ ಕೈಯಲ್ಲಿ ಹಿಡಿದು ಓಡುವುದು, ಇರಲಿ.) ಹುಡುಗ ಕ್ಯಾಂಪಸ್ ನೋಡಿ, ಸ್ಕಾಲರ್‌ಶಿಪ್ ತೂಗಿ ಸಹಿ ಹಾಕುತ್ತಾನೆ. ನಮ್ಮವನಿಗೆ ತಂಡ ಆರಿಸಿಕೊಡುವುದು ಸೆಂಟ್ರಲ್ ರೈಲ್ವೆಯ ಟೈಮ್‌ಟೇಬಲ್. ಸಿಎಸ್‌ಎಂಟಿ ಇಲ್ಲಿಂದ ಸುಮಾರು 64 ಕಿ.ಮೀ. ದಕ್ಷಿಣ ಮುಂಬಯಿಯಲ್ಲಿ ಬೆಳಿಗ್ಗೆ ಆರಕ್ಕೆ ಪ್ರಾಕ್ಟೀಸ್ ಎಂದರೆ ನಾಲ್ಕರ ಹೊತ್ತಿಗೇ ಲೋಕಲ್ ಹತ್ತಬೇಕು. ಮೇಲೆ 75 ಪರ್ಸೆಂಟ್ ಹಾಜರಿ.

ಕೋಟಾದಲ್ಲಿ ಸೀಟು ತುಂಬಿಸಿಕೊಳ್ಳುವ ಕಾಲೇಜುಗಳು ಕೋಚ್ ಹೆಸರು, ಮೈದಾನದ ವೇಳೆ, ಹಾಜರಿ ರಿಯಾಯಿತಿಗಳನ್ನು ಪ್ರಾಸ್ಪೆಕ್ಟಸ್‌ನಲ್ಲೇ ಅಚ್ಚು ಹಾಕಲಿ. ಅಲ್ಲಿಯವರೆಗೆ ನೀವೇ ಫೀ ಕಟ್ಟುವ ಮೊದಲು ಜಿಮ್ಖಾನಾ ರೂಮಿಗೆ ಹೋಗಿ ಬನ್ನಿ. ಬಾಗಿಲಿಗೆ ಬೀಗ ಕಂಡರೆ ಚೆಕ್ ಜೇಬಿನಲ್ಲೇ ಇರಲಿ.